ಇಲ್ಲ ಅಂದರೆ

ಹನ್ನೊಂದರ ಮೇಲೆ ಶುರು ಮಾಡುತ್ತೇನೆ.
ಬೆಳಗಾಗುತ್ತಲೇ ಆಸ್ಪತ್ರೆಯಿಂದ ಫೋನು ಅಂದರೆ
ಮನೆಯವರಿಗೆ ಎದೆ ಧಸಕ್ಕೆನ್ನುತ್ತದೆ.
ಶಿವಮೊಗ್ಗ, ಔಷಧಿ ಉಗ್ರಾಣದ ಪಕ್ಕ ನೋಂದಣಿ ಕೋಣೆ,
ಕಚೇರಿಯ ಒಂದು ಮೊಬೈಲು, ಐದು ವರ್ಷದ ಹಿಂದಿನ ಪಟ್ಟಿ.
ಕೇಳಬೇಕಾದ್ದು ಒಂದೇ ಮಾತು:
ಇದಾರಾ?

ಸೊರಬದ ಗುತ್ಯಮ್ಮ. ಸ್ತನ, ಎಡಗಡೆ.
ಎತ್ತಿದ್ದು ಹುಡುಗ. "ಇಲ್ಲ" ಅಂದ.
ಪೆನ್ನು ಎರಡನೇ ಮನೆಯ ಮೇಲೆ ನಿಂತಿತು.
ಇಲ್ಲ ಅಂದರೆ?
"ಇಲ್ಲ ಅಂದ್ರೆ ಇಲ್ಲ. ಸೊಸೈಟಿಗೆ ಹೋಗ್ಯದೆ ಅಜ್ಜಿ, ಅಕ್ಕಿ ತರಾಕೆ."

ಸತ್ತವರಿಗೂ ಸೊಸೈಟಿಗೆ ಹೋದವರಿಗೂ
ನಮ್ಮಲ್ಲಿ ಒಂದೇ ಪದ.
ಫಾರಮ್ಮು ಮಾಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಗೋಡೆಯ ಮೇಲೆ ವಿಶಾಲಾಕ್ಷಿ ಮೇಡಂ ಅಂಟಿಸಿದ ಹಾಳೆ:
ದೇಶಕ್ಕೊಂದು ಕಂಬ. ಐದು ವರ್ಷ ದಾಟಿದವರು, ನೂರಕ್ಕೆ ಇಷ್ಟು.
ಡ್ರಿಲ್ಲಿಗೆ ನಿಲ್ಲಿಸಿದ ಮಕ್ಕಳ ಹಾಗೆ ಉದ್ದದವರು ಈ ಕಡೆ,
ಗಿಡ್ಡದವರು ಆ ಕಡೆ, ಕಿಟಕಿಯ ಬಿಸಿಲಿಗೆ ಮಾಸಿಕೊಂಡು.
ನಮ್ಮ ಜಿಲ್ಲೆಯದ್ದೆಷ್ಟು ಮೇಡಂ?
"ನೀನು ಫೋನು ಮಾಡಿ ಮುಗಿಸು, ಹೇಳ್ತೀನಿ."

ಉದ್ದ ಕಂಬದ ಊರುಗಳಲ್ಲಿ ಯಾರೂ ಫೋನು ಮಾಡುವುದಿಲ್ಲವಂತೆ.
ಹುಟ್ಟು, ಜ್ವರ, ಗಂಟು, ಗೋರಿ ಎಲ್ಲಕ್ಕೂ ಒಂದೇ ನಂಬರು,
ಕೊನೆಯುಸಿರಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ.
ಇಲ್ಲಿ ಗಂಟು ನನ್ನ ಪುಸ್ತಕದಲ್ಲಿ,
ಸಾವು ಪಂಚಾಯ್ತಿಯ ಪುಸ್ತಕದಲ್ಲಿ.
ಎರಡಕ್ಕೂ ಮುಖಪರಿಚಯವಿಲ್ಲ.

ಅಲ್ಲಿ ಮನೆಗೇ ಕಾಗದ ಬರುತ್ತದಂತೆ:
ಐವತ್ತು ತುಂಬಿತು, ಬಂದು ತೋರಿಸಿಕೊಂಡು ಹೋಗಿ.
ಸಾಸಿವೆಯಷ್ಟಿರುವಾಗಲೇ ಗಡಿಯಾರಕ್ಕೆ ಕೀಲಿ.
ತುಮರಿ ಕಡೆಯ ಕೆರಿಯಮ್ಮ
ನಿಂಬೆಹಣ್ಣಾಗುವ ತನಕ ಸೆರಗಲ್ಲಿಟ್ಟುಕೊಂಡಿದ್ದಳು.
ಆಗ ಸೇತುವೆ ಇರಲಿಲ್ಲ. ಲಾಂಚು ತಪ್ಪಿದರೆ ನಾಳೆ.
ನಾಳೆ ಅಂದರೆ ಕೊಯ್ಲು ಮುಗಿದ ಮೇಲೆ.
ಕೊಯ್ಲು ಮುಗಿದರೆ ಮಗಳ ಬಾಣಂತನ.
ಅವಳ ಗಡಿಯಾರ ಶುರುವಾದದ್ದು ಇಲ್ಲೇ, ಹನ್ನೆರಡನೇ ಕೋಣೆಯಲ್ಲಿ.
ಏಳು ತಿಂಗಳು ನಡೆಯಿತು.

ಅಲ್ಲಿ ಹುಟ್ಟಿ, ಅದೇ ದಿನ ಸತ್ತಿದ್ದರೂ,
ಏಳು ವರ್ಷ ಬದುಕಿದಳು ಅಂತ ಬರೆಯುತ್ತಿದ್ದರಲ್ಲವಾ,
ಮೊದಲೇ ಎಣಿಸಲು ಶುರು ಮಾಡಿದ್ದಕ್ಕೆ?
ಮೇಡಂ ಕನ್ನಡಕ ತೆಗೆದರು.
"ಅರ್ಧ ನಿಜ" ಅಂದರು.
"ಇನ್ನರ್ಧ ಏನಂದ್ರೆ, ಅಲ್ಲಿ ಅವಳು ಆ ದಿನ ಸಾಯ್ತಿರಲಿಲ್ಲ."
ಆಮೇಲೆ ರೌಂಡ್ಸಿಗೆ ಹೋದರು.

ಸೀಗೆಹಟ್ಟಿಯ ಜುಬೇದಾ ಬಿ. ಗರ್ಭಕೊರಳು.
ನೀವು ಕರೆ ಮಾಡಿದ ಚಂದಾದಾರರು
ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.
ಮೂರು ದಿನ, ಒಂಬತ್ತು ಸಲ, ಅದೇ ದನಿ, ಅದೇ ವಿನಯ.
ಹೀಗೆ ಹೊರಗಿದ್ದವರು ಈ ಪುಟದಲ್ಲೇ ಹದಿನಾಲ್ಕು ಜನ.
ಅವರನ್ನು ಲೆಕ್ಕದಿಂದ ಬಿಟ್ಟರೆ ನಮ್ಮ ಕಂಬ ಎದ್ದು ನಿಲ್ಲುತ್ತದೆ,
ಸತ್ತರೆಂದು ಬರೆದರೆ ಕುಕ್ಕರಿಸುತ್ತದೆ.
ಹತ್ತು ರೂಪಾಯಿ ಪೆನ್ನು.
ಎರಡನ್ನೂ ಬರೆಯದೆ ಮುಚ್ಚಿಟ್ಟೆ.

ಶಿಕಾರಿಪುರದ ಹುಚ್ಚರಾಯಪ್ಪ. ನಾಲಿಗೆ.
ಹೆಂಡತಿ ಎತ್ತಿದರು, "ಅವರೇ ಹೇಳ್ತಾರಂತೆ, ತಡೀರಿ."
ಆ ಕಡೆ ಉಸಿರು. ಕುರ್ಚಿ ಸರಿದ ಸದ್ದು.
ಬಾಯಲ್ಲಿ ಉಳಿದಷ್ಟರಿಂದ
ಒಂದು "ಇ" ಬಂತು,
ನಡುವಿನ ಅಕ್ಷರ ಬರಲಿಲ್ಲ, ಮತ್ತೊಂದು "ಇ" ಬಂತು.
ಸಾಕು ಸಾರ್, ಸಾಕು, ಬರಕೊಂಡೆ ಅಂದೆ.
ಅವರು ಬಿಡಲಿಲ್ಲ. ಇನ್ನೊಮ್ಮೆ ಹೇಳಿದರು.

ನಾಲ್ಕು ಗಂಟೆಗೆ ಫೋನು ತಾನೇ ಬಡಕೊಂಡಿತು.
"ಬೆಳಿಗ್ಗೆ ಯಾರೋ ಕೇಳಿದ್ರಂತೆ, ನಾನದೀನಾ ಅಂತ.
ಅದೀನಿ. ಏನೀಗ?"
ಏನಿಲ್ಲ ಗುತ್ಯಮ್ಮಾ. ಅಕ್ಕಿ ಸಿಕ್ತಾ?
"ಎಲ್ಲಿ ಅಕ್ಕಿ ತಾಯಿ!
ನಿಮ್ಮ ಮಾತ್ರೆ ನುಂಗಿದಾಗಿಂದ ಬೆರಳಲ್ಲಿ ಗೆರೆನೇ ಉಳಿದಿಲ್ಲ.
ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾತು.
ಆ ಮಿಷನ್ನು ನಾನು ಇಲ್ಲ ಅಂತದೆ."

ಒಂದನೇ ಮನೆಯಲ್ಲಿ ಗುರುತು ಹಾಕಿದೆ,
ಹಿಂದಿನ ಹಾಳೆಗೂ ಮೂಡುವಷ್ಟು ಒತ್ತಿ.